ಮುಟ್ಟದ ತಿಮಿಂಗಿಲದ ಹಲ್ಲು

ಲೋ ಸೆಮೆಸಾ, ಅಕ್ಕನ ಕಾಗದವಿದು, ಮುಖ ತಿರುಗಿಸದೆ ನೆಟ್ಟಗೆ ಕೂತು ಓದು.

ಮೀನು ಹೆಚ್ಚಲಿ ಎಂದು ಊರೇ ಮುಚ್ಚಿದ ಹವಳದ ದಿಬ್ಬದಲ್ಲಿ ನೀನು ಕದ್ದು ಬಲೆ ಬೀಸಿ, ಹಿಡಿದದ್ದನ್ನು ಮೀನುಗಾರಿಕೆ ಕಂಪನಿಗೆ ಮಾರಿದೆ. ನಿನ್ನನ್ನು ಊರು ಬಿಡಿಸಿದವಳು ನಾನೇ, ಸರಿಯಾಗೇ ಮಾಡಿದೆ. ಆಮೇಲೆ ನೀನು ಆ ಕಂಪನಿಯ ದೋಣಿ ಹತ್ತಿದೆ. ದೋಣಿ ಮುಳುಗಿತು, ಯಾರೂ ಉಳಿಯಲಿಲ್ಲ ಎಂದರು.

ನಿನ್ನೆ ನಿನ್ನ ಹೆಂಡತಿ ಲಿತಿಯಾನ ಬಂದಳು; ನಮ್ಮ ಪದ್ಧತಿಯಂತೆ ಕ್ಷಮೆ ಕೇಳಲು ತಿಮಿಂಗಿಲದ ಹಲ್ಲು ಹಿಡಿದು ಚಾಪೆಯ ಮೇಲೆ ತಲೆ ಬಗ್ಗಿಸಿ ಕೂತಳು.

"ಅತ್ತಿಗೆ, ಅವ್ರ ಪರವಾಗಿ ತಪ್ಪಾಯ್ತು ಅಂತ ಕೇಳ್ಕೋತೀನಿ. ಇದನ್ನ ತಗೊಳ್ಳಿ."

"ಕದ್ದೋನಿಗೆ ಕಾಲಿಲ್ವೇನೇ? ಅವ್ನೇ ಬಂದು ಕೂರ್ಲಿ!"

ನಾನು ಹಲ್ಲನ್ನು ಮುಟ್ಟಲಿಲ್ಲ. ಮುಟ್ಟಿದರೆ ಕ್ಷಮಿಸಿದಂತೆ, ನಮ್ಮ ಜಗಳ ಮುಗಿದೇ ಹೋಗುತ್ತದಲ್ಲ!

ಈಗ ದಿಬ್ಬದ ತುಂಬ ಮೀನು. ಮುಂದಿನ ತಿಂಗಳು ಊರಿಗೆಲ್ಲ ಹಿಡಿಯಲು ಬಿಡುತ್ತಾರೆ, ನಿನಗೆ ಮಾತ್ರ ಒಂದು ಮುಳ್ಳೂ ಇಲ್ಲ. ಬೇಕಿದ್ದರೆ ಅಷ್ಟರೊಳಗೆ ಉತ್ತರ ಬರೆ.