ಓ, ಯು, ಜಿ, ಎಚ್

ಸೆಪ್ಟೆಂಬರ್ 1, 2024, ಭಾನುವಾರ

ಕುಕ್ಕುಂದೂರು, ಗೆಳತಿ ಸೆಲೀನ್ ಮನೆ. ಮಧ್ಯಾಹ್ನ ಹೋದೆ, ಸಂಜೆಯ ಬಸ್ಸಿಗೆ ಉಡುಪಿಗೆ ವಾಪಸ್. ಹಂಗೇರಿಯನ್ ಕಾದಂಬರಿ ಓದಿ ಹೇಳಿದೆ, ಇಂಗ್ಲಿಷ್ ಅನುವಾದದಲ್ಲಿ. ಅನುವಾದಕಿಯ ಹೆಸರು ಒಳಪುಟದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಮೊದಲಾಗಿದ್ದರೆ ಸೆಲೀನ್ ಇದಕ್ಕೇ ಸಿಟ್ಟಾಗುತ್ತಿದ್ದಳು. ಇವತ್ತು ಆ ಹೆಸರಿನ ಮೇಲೆ ಬೆರಳಿಟ್ಟಳು, ಬಾಯಿ ತೆರೆದಳು… ಮಾತು ಬರಲಿಲ್ಲ. ಸ್ಟ್ರೋಕ್ ಆದಾಗಿನಿಂದ ಹೀಗೆ. ಜೀವನವಿಡೀ ಇಂಗ್ಲಿಷ್ ಕಲಿಸಿದವಳು.

ಅವಳ ತಮ್ಮ ಲಿಯೋನೆಲ್ ಸ್ಪೀಚ್ ಥೆರಪಿ ನಿಲ್ಲಿಸಿಬಿಟ್ಟಿದ್ದಾನೆ. ಕಾರಣ — ಸಂಜೆ ಮನೆಯವರೆಲ್ಲ ಕೂತು ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವಾಗ ಅವಳು ಅದನ್ನಿಡೀ ಎಲ್ಲೂ ತಡವರಿಸದೆ ಹೇಳುತ್ತಾಳೆ.

"ದೇವರ ಹತ್ತಿರ ಮಾತಾಡಲಿಕ್ಕೆ ಆಗ್ತದೆ, ನಮ್ಮ ಹತ್ತಿರ ಆಗುವುದಿಲ್ಲ ಅಂದ್ರೆ ಎಂತ? ಹಠ, ಸ್ವರ್ಣಕ್ಕ."

ಒಳ್ಳೆಯವನು. ಅಕ್ಕನಿಗೆ ಕಾಫಿಯಾ ಟೀಯಾ ಎಂದು ಕೇಳುತ್ತಾನೆ, ಉತ್ತರವನ್ನೂ ತಾನೇ ಹೇಳುತ್ತಾನೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಕಾಫಿ ಬಂದಿರುತ್ತದೆ.

ಸೆಪ್ಟೆಂಬರ್ 4

ಮಣಿಪಾಲ. ನಾನು ಪ್ರೂಫ್ ನೋಡುವ ಪ್ರೆಸ್ಸಿನಿಂದ ಊಟದ ಬಿಡುವಿನಲ್ಲಿ ಆಸ್ಪತ್ರೆಗೆ ಹೋಗಿ ಸೆಲೀನಳ ಥೆರಪಿಸ್ಟ್ ಚೈತಾಲಿಯನ್ನು ಕಂಡೆ. ಹೀಗೆ ನಡುವೆ ಬರುವುದು ನನ್ನ ಸ್ವಭಾವವಲ್ಲ. ಹೋದೆ. ತೆರ್ಸ್ ವಿಷಯ ಹೇಳಿದೆ.

ಬಾಯಿಪಾಠ ಬೇರೆ, ಮಾತು ಬೇರೆಯಂತೆ. ಪ್ರಾರ್ಥನೆ, ಮಗ್ಗಿ, ವಾರದ ಹೆಸರು — ಎಲ್ಲ ಹಳೇ ಟೇಪಿನ ಹಾಗೆ ತಾವಾಗಿ ಓಡುತ್ತವೆ. ಹುಡುಕಿ ತೆಗೆದ ಮಾತೇ ಮಾತು. ಈಗ ಬಿಟ್ಟರೆ ಮುಂದೆ ಕಷ್ಟ. 17ರ ಮಂಗಳವಾರವೂ ಬಾರದಿದ್ದರೆ ಸೆಲೀನಳ ಜಾಗ ಬೇರೊಬ್ಬರಿಗೆ.

"ನೀವು ಪದ ಕೊಡಬೇಡಿ ಮೇಡಂ. ಸುಮ್ಮನೆ ಕಾಯಿರಿ. ಮನೆಯವರಿಗೆ ಅದೇ ಆಗುವುದಿಲ್ಲ."

ಸುಮ್ಮನಿರುವುದು! ನನಗೆ ಬರುವುದೇ ಅದೊಂದು.

ಸೆಪ್ಟೆಂಬರ್ 8, ಭಾನುವಾರ, ಸಂಜೆ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ, ಇರಲಿ.

ಹಳೇ ಬಸ್ಸಿನ ಆಟ ಆಡಿದೆ. ಕಾರ್ಕಳ ಬಸ್ಸಿನಲ್ಲಿ ಜೊತೆಗೆ ಓಡಾಡುತ್ತಿದ್ದ ಕಾಲದ್ದು — ಒಬ್ಬಳು ನಾಲ್ಕು ಅಕ್ಷರ ಕೊಡುವುದು, ಅವು ಒಟ್ಟಿಗೆ ಬರುವ ಇಂಗ್ಲಿಷ್ ಪದಗಳನ್ನು ಇನ್ನೊಬ್ಬಳು ಹೇಳುವುದು. ಅವಳೇ ಯಾವಾಗಲೂ ಗೆಲ್ಲುತ್ತಿದ್ದಳು. ಇವತ್ತು ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದೆ: ಐ, ಜಿ, ಎಚ್, ಟಿ. ಕಾದೆ. ಫ್ಯಾನಿನ ಸದ್ದು.

"ಲೈಟ್." ಆಮೇಲೆ ನಿಲ್ಲಲೇ ಇಲ್ಲ — ನೈಟ್, ರೈಟ್, ಸೈಟ್, ಟೈಟ್, ಬ್ರೈಟ್!

ಲಿಯೋನೆಲ್ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದ.

ಅದೇ ದಿನ, ಊಟದ ನಂತರ

ಸಂಶಯ. ಒಂದೇ ಪ್ರಾಸ. ವರ್ಷವಿಡೀ ಮಕ್ಕಳಿಂದ ರಾಗವಾಗಿ ಹೇಳಿಸುತ್ತಿದ್ದದ್ದು ಇದನ್ನೇ ಅಲ್ಲವೆ… ಹಾಗಾದರೆ ಇದೂ ತೆರ್ಸೇ, ಬಾಯಿಪಾಠ.

ಪ್ರಾಸ ಇಲ್ಲದ್ದು ಬೇಕು.

ಸೆಪ್ಟೆಂಬರ್ 15, ಭಾನುವಾರ

ಕಾಪು ಬೀಚ್. ಲಿಯೋನೆಲ್ ಕಾರಿನಲ್ಲಿ ಕರೆದುಕೊಂಡು ಹೋದ. ಲೈಟ್‌ಹೌಸಿನ ಈಚೆ, ಬಂಡೆಯ ನೆರಳಿನಲ್ಲಿ ಅವಳಿಗೆ ಕುರ್ಚಿ. ಕೊಡೆಯ ತುದಿಯಿಂದ ಮರಳಿನಲ್ಲಿ ಬರೆದೆ: ಓ, ಯು, ಜಿ, ಎಚ್. ಒಂದೊಂದು ಪದದಲ್ಲಿ ಒಂದೊಂದು ಉಚ್ಚಾರ. ಯಾವ ರಾಗಕ್ಕೂ ಕೂರುವುದಿಲ್ಲ.

ಲಿಯೋನೆಲ್ ಬಾಯಿ ತೆರೆದ. ಚರುಮುರಿ ತರಲು ಕಳಿಸಿದೆ.

ಅಲೆ ಬಂದು ಅಳಿಸಿತು. ಮತ್ತೆ ಬರೆದೆ. ಮತ್ತೆ ಅಳಿಸಿತು. ಅವಳು ಅಕ್ಷರ ನೋಡಿದಳು, ನನ್ನನ್ನು ನೋಡಿದಳು. ಹಣೆಯಲ್ಲಿ ಬೆವರು. ಹೇಳಿಕೊಡುವ ಆಸೆ ನನಗೂ ಆಯಿತು — ನನಗೂ! ತುಟಿ ಕಚ್ಚಿ ಕೂತೆ. ಕೊನೆಗೆ ಅವಳ ಕೈ ಮೇಲೆದ್ದಿತು, ಸಮುದ್ರದ ಕಡೆಗೆ.

"ರಫ್."

ಕಡಲು ನಿಜಕ್ಕೂ ರಫ್ ಆಗಿತ್ತು. ಕೆಂಪು ಬಾವುಟ ಹಾಕಿದ್ದರು. ಹುಡುಕಿದಳು, ತೆಗೆದಳು, ಕಡಲಿಗೆ ಹಚ್ಚಿದಳು!

ಅಷ್ಟರಲ್ಲಿ ಲಿಯೋನೆಲ್. ಅಕ್ಕನಿಗೆ ಚಳಿಯಾಯ್ತಾ, ಆಯ್ತು, ಶಾಲು ಬೇಕಾ, ಬೇಕು, ಕುಡಿಯಲಿಕ್ಕೆ ಬೊಂಡ ತರುವುದಾ, ತರುತ್ತೇನೆ… ಸೆಲೀನ್ ಅಂಗೈ ಎತ್ತಿದಳು. ಗಲಾಟೆಯ ಕ್ಲಾಸಿನ ಮುಂದೆ ನಿಂತ ಟೀಚರ್ ಹಾಗೆ.

"ಇನಫ್."

ಅದೇ ನಾಲ್ಕು ಅಕ್ಷರ. ಲಿಯೋನೆಲ್ ಚರುಮುರಿಯ ಪೊಟ್ಟಣ ಹಿಡಿದುಕೊಂಡು ನಿಂತೇ ಇದ್ದ. ಮೊದಲು ನಕ್ಕದ್ದು ಅವಳು. ಆಮೇಲೆ ಮೂವರೂ, ಕಣ್ಣಲ್ಲಿ ನೀರು ಬರುವಷ್ಟು.

ಮಂಗಳವಾರದ ವಿಷಯ ವಾಪಸ್ ಬರುವಾಗ ಕಾರಿನಲ್ಲಿ ತೆಗೆದೆ.

"ಇನ್ನೆಂತ ಆಸ್ಪತ್ರೆ ಸ್ವರ್ಣಕ್ಕ? ಮಾತು ಬಂತಲ್ಲ. ಅವಳಿಗೂ ಹೋಗಲಿಕ್ಕೆ ಮನಸ್ಸಿಲ್ಲ."

ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಸೆಲೀನಳ ಬಾಯಿ ಅರ್ಧ ತೆರೆದಿತ್ತು. ಅವನು ಅಷ್ಟರಲ್ಲಿ ರೇಡಿಯೋ ಹಾಕಿದ.

ಸೆಪ್ಟೆಂಬರ್ 16, ಸೋಮವಾರ

ಪ್ರೂಫ್ ಓದಲು ಕೂತರೆ ಸಾಲು ನಿಲ್ಲುತ್ತಿಲ್ಲ. ನಾಳೆಗೆ ರಜೆ ಹಾಕಿದೆ. ಇನ್ನೊಬ್ಬರ ಮನೆಯ ವಿಷಯಕ್ಕೆ ಈವರೆಗೆ ಕೈ ಹಾಕಿದವಳಲ್ಲ…

ನಿರ್ಧಾರ ಆಯಿತು. ಬೆಳಗಿನ ಮೊದಲ ಬಸ್ಸಿಗೆ ಕುಕ್ಕುಂದೂರು. ಮಣಿಪಾಲಕ್ಕೆ ಹೋಗುವುದಾ ಎಂದು ಲಿಯೋನೆಲ್‌ನನ್ನು ಕೇಳುವುದಿಲ್ಲ. ಸೆಲೀನಳನ್ನೇ ಕೇಳುವುದು, ಅವನ ಎದುರಿಗೇ. ಅವನು ಬಾಯಿ ತೆರೆದರೆ ನಾನೂ ಅಂಗೈ ಎತ್ತುವುದು. ಮಣಿಪಾಲದ ಬಸ್ ತಪ್ಪಿದರೂ ಸರಿ, ಅವಳು ಹೇಳುವವರೆಗೆ —