ಹಿಂದಿನ ಸೀಟು

೧೭ ನವೆಂಬರ್ ೧೯೮೫, ರವಿವಾರ
ಗಡಹಿಂಗ್ಲಜ

ಸೊಂಟ ಇನ್ನೂ ನೋಯುತ್ತಿದೆ. ಮನೆಮಂದಿಯೆಲ್ಲ ಇಚಲಕರಂಜಿಗೆ ಹೋಗಿ, ಕೊಳ್ಳಬೇಕೆಂದಿರುವ ಆ ದೊಡ್ಡ ಜೀಪನ್ನು ನೋಡಿಬಂದೆವು. ಮೆತ್ತನೆಯ ಸೀಟು, ಕಿಟಕಿಗೆ ಪರದೆ, ಟೇಪ್ ರೆಕಾರ್ಡರ್ ಕೂಡ ಇದೆ. ಮಾರುವವನು ಶಿರೋಳದವರೆಗೆ ಓಡಿಸಿ ತೋರಿಸಿದ. ತಗ್ಗಿನಲ್ಲೂ ಮೈ ಕುಲುಕುವುದಿಲ್ಲ ಎಂದು ಎಲ್ಲರೂ ಹೊಗಳಿದರು.

ಹಿಂದಿನ ಸೀಟಿನಲ್ಲಿ ಮಾವನವರಿದ್ದರು. ಸೊಸೆ ಅವರ ಸಮಕ್ಕೆ ಕೂರುವಂತಿಲ್ಲ. ಪಕ್ಕದಲ್ಲಿ ಜಾಗವಿದ್ದರೂ ನಾನು ಸೆರಗು ಹೊದ್ದು ಕೆಳಗೆ ಕಂಬಳಿಯ ಮೇಲೆ ಕೂತೆ. ಯಾರೂ ಹೇಳಲಿಲ್ಲ, ಕಾಲು ತಾವೇ ಮಡಚಿಕೊಂಡವು. ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಕವಿತೆ ಪಾಠ ಮಾಡುವವಳ ಕಾಲು.

ರಾತ್ರಿ ಬಡಿಸುವಾಗ ಇವರು ಕೇಳಿದರು, "ಗಾಡಿ ಹ್ಯಾಂಗ ಅನಸ್ತು?"

"ಸೀಟಿನ ಮ್ಯಾಲ ಕೂತವರನ್ನ ಕೇಳ್ರಿ," ಎಂದೆ.

ಇವರಿಗೆ ತಿಳಿಯಲಿಲ್ಲ. ಅತ್ತೆ ನಕ್ಕುಬಿಟ್ಟರು. "ಕುರಿಮರಿ ತುಂಬೂ ಜಾಗಾದಾಗ ಹೆಂಡ್ತಿನ್ನ ತುಂಬಿದ್ಯಲ್ಲೋ ಕೃಷ್ಣಾತ, ಕಣ್ಣ ಎಲ್ಲಿದ್ದವು?"

ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಮುಂದಿನ ರವಿವಾರ ಮತ್ತೊಮ್ಮಿ ನೋಡೂಣು. ನಾ ಡ್ರೈವರನ ಬಾಜೂಕ ಕೂಡ್ತೇನಿ," ಎಂದರು. ನನ್ನ ಕಡೆ ನೋಡಲಿಲ್ಲ.

ಹಿಂದಿನ ಸೀಟು ತೆರವಾಯಿತು. ಇನ್ನು ಈ ಕಾಲುಗಳಿಗೆ ಹೇಳಬೇಕು. ಅವು ಒಪ್ಪಿದರೆ ಮುಂದಿನ ರವಿವಾರ ಮೇಲೆ ಕೂರುತ್ತೇನೆ.