ಮೂರನೇ ಬುಡ ತಣ್ಣಗಿದೆ

ಮಾರ್ಚ್ 4, ಬೆಳಿಗ್ಗೆ 5:30

ಮತ್ತೆ ಅದೇ ಕನಸು. ಬಿಳಿ ಅಂಗಿಗೆ ಇಸ್ತ್ರಿ ಹಾಕ್ತಾ ಇದ್ದೀನಿ. ಜೇಬಿನಿಂದ ಹೊಗೆ. ಬಡಿದೆ, ನೀರು ಚಿಮುಕಿಸಿದೆ. ಹೊಗೆ ತೋಳಿಗೆ ಹೋಯ್ತು. ಯಾರ ಅಂಗಿ ಅಂತ ಕಾಲರ್ ತಿರುಗಿಸಿದ್ರೆ ಗುರುತಿನ ದಾರವೇ ಇಲ್ಲ.

ಎದ್ದು ಮುಂದಿನ ಕೋಣೆಗೆ ಹೋಗಿ ಇಸ್ತ್ರಿಪೆಟ್ಟಿಗೆ ಪ್ಲಗ್ ನೋಡಿದೆ. ಕಿತ್ತೇ ಇತ್ತು. ಬಂದು ಮಲಗಿದೆ. ಮತ್ತೆ ಹೋಗಿ ನೋಡಿದೆ. ಅತ್ತೆ ಮಲಗಿದಲ್ಲಿಂದಲೇ ಅಂದ್ರು, ಆ ಪ್ಲಗ್ಗಿಗಾದ್ರೂ ನಾಚಿಕೆ ಆಗುತ್ತೆ ಕಣೇ, ಎಷ್ಟು ಸಲ ಮುಖ ನೋಡ್ತೀಯ ಅಂತ.

ಇವತ್ತು ನಮ್ಮ ಬೆಂಕಿ ಆರಿಸೋ ದಳಕ್ಕೆ ಗುಡ್ಡದ ಕೆಲಸ. ನಾವೇ ಒಂದು ಪಟ್ಟಿ ಹುಲ್ಲು ಸುಡೋದು, ದೊಡ್ಡ ಬೆಂಕಿ ಬಂದ್ರೆ ಅಲ್ಲಿಗೆ ಬಂದು ನಿಲ್ಲಲಿ ಅಂತ. ಬೆಂಕಿ ಬರದ ಹಾಗೆ ನೀವೇ ಬೆಂಕಿ ಹಾಕ್ತೀರ, ಚೆನ್ನಾಗಿದೆ ಅಂದ್ರು ಅತ್ತೆ. ಬೆಂಕಿಗೆ ಮೊದಲೇ ಉಣ್ಣಿಸಿಬಿಟ್ರೆ ಆಮೇಲೆ ಹಸಿದು ಬರಲ್ಲ ಅಂತ ದಳದ ಕ್ಯಾಪ್ಟನ್ ಹೇಳಿದ್ದನ್ನೇ ಹೇಳಿದೆ. ಹೆದರಿಕೆ ಮಾತ್ರ ನನಗೂ ಇದೆ. ಆ ಅಂಗಿ ಯಾರದು...

ಮಾರ್ಚ್ 4, ಸಂಜೆ

ಸುಸ್ತು. ಪಟ್ಟಿ ಸುಟ್ಟು ಮುಗೀತು. ಗಾಳಿ ಸ್ವಲ್ಪ ಇತ್ತು. ಇವತ್ತು ಬೇಡ ಅಂದೆ. ಕ್ಯಾಪ್ಟನ್ ಪಂಕ್ಚರ್ ಅಂಗಡಿ ಮುಚ್ಚಿ ಬಂದಿದ್ರು, ಇನ್ನೊಂದು ದಿನ ಮುಚ್ಚೋಕೆ ಆಗಲ್ಲ ಅಂದ್ರು. ಸುಡೋಕೆ ಅರಣ್ಯ ಕಚೇರಿಯ ಅನುಮತಿ ಚೀಟಿ ಬಂದಿಲ್ಲ ಅಂತಲೂ ನೆನಪು ಮಾಡಿದೆ. ಬರುತ್ತೆ ಬಿಡಿ ಅಕ್ಕ ಅಂದ್ರು.

ಹಳೇ ಮರದ ಬುಡ ನಾಲ್ಕು ಸಿಕ್ಕವು. ಬುಡ ಕೆಟ್ಟದ್ದು. ಮೇಲೆ ಆರಿದ್ರೂ ಬೇರಲ್ಲಿ ಕಿಚ್ಚು ಮಲಗಿರುತ್ತೆ. ನೀರು ಹಾಕು, ಕೆದಕು, ಮತ್ತೆ ನೀರು ಹಾಕು, ಬರಿಗೈ ಇಟ್ಟು ನೋಡು. ಕೈ ಇಡೋ ಕೆಲಸ ಯಾವಾಗಲೂ ನಂದು. ಇಸ್ತ್ರಿಯವಳ ಕೈ, ಅದಕ್ಕೆ ಗೊತ್ತಾಗದ ಬಿಸಿ ಇನ್ಯಾರಿಗೆ ಗೊತ್ತಾಗುತ್ತೆ ಅಂತ.

ಮೂರನೇ ಬುಡದ ಹತ್ತಿರ ಬಗ್ಗಿದಾಗ ಎಲ್ಲರೂ ನೀರಿನ ಕ್ಯಾನು ಹೆಗಲಿಗೆ ಹಾಕಿಕೊಂಡು ಇಳಿಯೋಕೆ ನಿಂತಿದ್ರು. ಕ್ಯಾಪ್ಟನ್ ಅಂದ್ರು, "ಈಗ ನೋಡಿ, ಇನ್ನೊಂದ್ಸಲ ಅಕ್ಕ ಇನ್ನೊಂದ್ಸಲ ಅಂತಾರೆ." ಎಲ್ಲ ನಕ್ಕರು. ತಮ್ಮನೂ ನಕ್ಕ. ಇನ್ನೊಂದ್ಸಲ ಅಕ್ಕ ಅಂತಲೇ ದಳದಲ್ಲಿ ನನ್ನ ಅಡ್ಡಹೆಸರು, ಗೊತ್ತು. ಇವತ್ತು ಯಾಕೋ ಹಾಗೆ ಹೇಳೋಕೆ ಮನಸ್ಸಾಗಲಿಲ್ಲ. ಕೈ ಇಟ್ಟೆ. ತಣ್ಣಗಿದೆ ಅಂದೆ. ಎದ್ದೆ. ರಿಜಿಸ್ಟರಿನಲ್ಲಿ ಬರೆದೆ — ಮೂರನೇ ಬುಡ ತಣ್ಣಗಿದೆ. ಸಹಿ.

ಒಂದೇ ಸಲ ನೋಡಿ ಬಂದೆ. ಮನಸ್ಸು ಹಗುರ. ಜನ ಹೀಗೇ ಇರ್ತಾರೇನೋ, ದಿನಾ.

ಮಾರ್ಚ್ 8

ಬರೆಯೋಕೆ ಕೈ ಬರ್ತಿಲ್ಲ.

ಬೆಳಿಗ್ಗೆಯಿಂದ ಗಾಳಿ. ಹನ್ನೊಂದಕ್ಕೆ ಗುಡ್ಡದಲ್ಲಿ ಹೊಗೆ, ತಮ್ಮನ ಜೇನುಪೆಟ್ಟಿಗೆ ಇರೋ ಕಡೆ. ಸಂಜೆ ತನಕ ಸೊಪ್ಪಲ್ಲಿ ಬೆಂಕಿ ಬಡಿದ್ವಿ. ಊರ ಕಡೆ ಇಳಿಯಲಿಲ್ಲ. ಪೆಟ್ಟಿಗೆ ಒಂದೂ ಉಳೀಲಿಲ್ಲ. ಮೇಣ ಕರಗಿ ಹರಿದು ಅದೂ ಉರೀತಿತ್ತು. ಕೆಲವು ಹುಳ ಹೊರಗಿದ್ದವು. ಪೆಟ್ಟಿಗೆ ಇದ್ದ ಜಾಗಕ್ಕೇ ತಿರುಗಿ ತಿರುಗಿ ಬರ್ತಿದ್ವು.

ತಮ್ಮ ಬೂದಿ ನೋಡ್ತಾ ನಿಂತಿದ್ದ. ಬೆಳಿಗ್ಗೆ ಪೆಟ್ಟಿಗೆ ತೆಗೆದಿದ್ನಂತೆ. ಹುಳಕ್ಕೆ ಹೊಗೆ ಬಿಡೋ ಡಬ್ಬಿ ಅಲ್ಲೇ ಬಿದ್ದಿತ್ತು. ನಾನು ಕೇಳಿದೆ, ಆ ಡಬ್ಬಿ ಸರಿಯಾಗಿ ಆರಿಸಿದ್ಯಾ ಅಂತ. ನನಗೆ ಕೇಳೋ ಚಟ. ಗ್ಯಾಸ್ ಆರಿಸಿದ್ಯಾ, ಬಾಗಿಲು ಹಾಕಿದ್ಯಾ, ಎಲ್ಲರನ್ನೂ ಕೇಳ್ತೀನಿ. ಎಲ್ಲರ ಎದುರಿಗೆ ಕೇಳಿದೆ.

ಎಲ್ಲರ ಕಣ್ಣೂ ಡಬ್ಬಿ ಮೇಲೆ ಹೋಯ್ತು.

ಮಾರ್ಚ್ 11

ದಳದ ಮೀಟಿಂಗು. ಅರಣ್ಯ ಕಚೇರಿಯವರು ತಮ್ಮನ ಮೇಲೆ ಕೇಸು ಬರೀತಾರಂತೆ. ಇನ್ನು ಗುಡ್ಡದಲ್ಲಿ ಪೆಟ್ಟಿಗೆ ಇಡೋ ಹಾಗಿಲ್ಲ. ಜೇನು ಬಿಟ್ರೆ ಅವನಿಗೆ ಬೇರೆ ಕಸುಬು ಗೊತ್ತಿಲ್ಲ. ದಳದಿಂದ ತೆಗೀಬೇಕಾ ಅಂತ ಕ್ಯಾಪ್ಟನ್ ಕೇಳಿದ್ರು. ಡಬ್ಬಿಗೆ ಹಸಿ ಹುಲ್ಲು ತುರುಕಿ ಮುಚ್ಚಿದ್ದೆ, ಆರಿತ್ತು ಅಂತ ತಮ್ಮ ಒಂದೇ ಮಾತು ಹೇಳಿದ. ಯಾರೂ ಅವನ ಮುಖ ನೋಡಲಿಲ್ಲ.

ತೆಗೀಬೇಕು ಅನ್ನೋರು ಕೈ ಎತ್ತಿ ಅಂದ್ರು. ಎತ್ತಿದ್ರು. ನಾನು ಸುಮ್ಮನೆ ಕೂತ್ರೆ ತಮ್ಮ ಅಂತ ಬಿಟ್ಟಳು ಅಂತಾರೆ... ಎತ್ತಿದೆ.

ಅವನು ನನ್ನ ಕೈಯನ್ನೇ ನೋಡ್ತಿದ್ದ.

ಮಾರ್ಚ್ 19, ಮಧ್ಯಾಹ್ನ

ಎಂಟು ದಿನ ಏನೂ ಬರೀಲಿಲ್ಲ. ತಮ್ಮ ಈ ಬೀದಿಗೇ ಬರಲ್ಲ.

ಇವತ್ತು ಅತ್ತೆಗೆ ಚಹಾ ಕೊಟ್ಟೆ. ಲೋಟ ಮುಟ್ಟಿದವರೇ ಕೈ ಎಳ್ಕೊಂಡ್ರು. ಚಹಾ ಸೀರೆ ಮೇಲೆ. ಕೆಂಡ ಇದ್ದ ಹಾಗಿದೆಯಲ್ಲೇ, ಅಡುಗೆಮನೆಯಿಂದ ಹೇಗೆ ಹಿಡ್ಕೊಂಡು ಬಂದೆ ಅಂತ ಬೈದ್ರು. ನನಗೆ ಬೆಚ್ಚಗೂ ಇರಲಿಲ್ಲ.

ಆಮೇಲೆ ಸೀರೆ ಒರೆಸ್ಕೊಳ್ತಾ ಅಂದ್ರು, ಇಪ್ಪತ್ತು ವರ್ಷ ಇಸ್ತ್ರಿ ಹಿಡಿದ ಕೈ, ಚರ್ಮ ಎಲ್ಲಿದೆ ಅದರಲ್ಲಿ, ಬರೀ ಚಪ್ಪಲಿ.

ನೆಲ ಒರೆಸ್ತಾ ಇದ್ದೆ. ಕೈ ಅಲ್ಲೇ ನಿಂತುಹೋಯ್ತು.

ಮಾರ್ಚ್ 20

ಐದು ಲೋಟ ಇಟ್ಟೆ. ತಣ್ಣೀರಿಂದ ಕುದಿಯೋ ನೀರಿನ ತನಕ. ಕಣ್ಣು ಮುಚ್ಚಿ ಒಂದೊಂದೇ ಮುಟ್ಟಿದೆ. ಬಲಗೈಗೆ ನಾಲ್ಕು ಒಂದೇ ಥರ. ಕುದಿಯೋದು ಮಾತ್ರ ಸುಟ್ಟಿತು. ಎರಡು ಸಲ ಮಾಡಿದೆ. ಮೂರನೇ ಸಲ ಅತ್ತೇನ ಕೂರಿಸಿದೆ. ಅವರಿಗೆ ಐದೂ ಬೇರೆ ಬೇರೆ.

ಅವತ್ತು ಬುಡಕ್ಕೆ ಇಟ್ಟಿದ್ದೂ ಬಲಗೈ.

ಮಾರ್ಚ್ 22

ಗುಡ್ಡಕ್ಕೆ ಒಬ್ಬಳೇ ಹೋದೆ. ಮೂರನೇ ಬುಡದಲ್ಲಿ ಈಗ ಮೋಟೂ ಇಲ್ಲ, ಒಂದು ತೂತು. ಕೋಲು ಹಾಕಿದೆ. ಕೋಲು ಹಿಡಿದ ಕೈ ಮೊಣಕೈ ತನಕ ಹೋಯ್ತು, ಭುಜದ ತನಕ ಹೋಯ್ತು. ಬೇರು ಇದ್ದ ಜಾಗ ಟೊಳ್ಳು, ಒಳಗೆ ಬಿಳಿ ಬೂದಿ. ಬೇರು ನಮ್ಮ ಸುಟ್ಟ ಪಟ್ಟಿಯ ಅಡಿಯಿಂದಲೇ ದಾಟಿ ಮೇಲಿನ ಹುಲ್ಲಲ್ಲಿ ತಲೆ ಎತ್ತಿದೆ. ಅಲ್ಲಿಂದ ಸುಟ್ಟ ಗುರುತು ಕಪ್ಪು ಬೀಸಣಿಗೆ ಬಿಚ್ಚಿದ ಹಾಗೆ ಮೇಲಕ್ಕೆ ಹೋಗಿದೆ. ಪೆಟ್ಟಿಗೆ ಇದ್ದಿದ್ದು ಅದಕ್ಕೂ ಮೇಲೆ, ನೂರು ಹೆಜ್ಜೆ. ಬೆಂಕಿ ಕೆಳಗಿಂದ ಹತ್ತಿ ಬಂದು ಅವನ ಪೆಟ್ಟಿಗೆ ತಿಂದಿದೆ. ಅವನಿಂದ ಹೊರಟಿದ್ದಲ್ಲ.

ನಾಲ್ಕು ದಿನ ನೆಲದೊಳಗೆ ಬೇಯ್ತಾ ಇತ್ತು. ನಾನು ಆ ನಾಲ್ಕು ದಿನ ಚೆನ್ನಾಗಿ ನಿದ್ದೆ ಮಾಡಿದ್ದೆ.

ಮಾರ್ಚ್ 23

ಪಂಕ್ಚರ್ ಅಂಗಡಿಗೆ ಹೋಗಿ ಹೇಳಿದೆ. ಕ್ಯಾಪ್ಟನ್ ಟ್ಯೂಬು ನೀರಿನ ಬೋಗುಣಿಗೆ ಅದ್ದಿ ಗುಳ್ಳೆ ಹುಡುಕ್ತಾ ಕೇಳಿಸಿಕೊಂಡ್ರು. ಎಲ್ಲ ಮುಗಿದ ಮೇಲೆ ಅಂದ್ರು, "ಅಕ್ಕಾ, ನಿಮಗೆ ಎಲ್ಲದರ ಮೇಲೂ ಅನುಮಾನ. ಈಗ ನಿಮ್ಮ ಕೈ ಮೇಲೂ ಬಂತಾ? ಮನೆಗೆ ಹೋಗಿ, ಮಲಗಿ."

ತೂತು ಬಂದು ನೋಡಿ ಅಂದೆ. ಇಲಿ ಬಿಲ ಇರಬಹುದು ಅಂದ್ರು. ಬಿಲದಲ್ಲಿ ಬೂದಿ ಯಾಕೆ ಇರುತ್ತೆ ಅಂದೆ. ಟ್ಯೂಬು ಬೋಗುಣಿಯಿಂದ ಎತ್ತಿ ಪಕ್ಕಕ್ಕಿಟ್ರು. ಆಮೇಲೆ ದನಿ ತಗ್ಗಿಸಿದ್ರು. ಅವತ್ತು ನಮ್ಮ ಹತ್ತಿರ ಚೀಟಿ ಇರಲಿಲ್ಲ, ಇದು ಹೊರಗೆ ಬಿದ್ರೆ ದಳಾನೇ ಮುಚ್ಚಿಸ್ತಾರೆ, ಮುಂದಿನ ವರ್ಷ ಬೆಂಕಿ ಬಿದ್ರೆ ನಿಮ್ಮ ಅತ್ತೇನ ಕಳಿಸ್ತೀರಾ ಅಂತ. ನಿಮ್ಮ ತಮ್ಮ ಗಟ್ಟಿ ಮನುಷ್ಯ, ತಡ್ಕೊಳ್ತಾನೆ ಅಂದ್ರು.

ಅವರನ್ನ ಪೂರ್ತಿ ಕೆಟ್ಟವರು ಅನ್ನೋಕೂ ಆಗಲ್ಲ. ಅದೇ ಸಂಕಟ. ಇಷ್ಟು ವರ್ಷ ಇಲ್ಲದ ಬೆಂಕಿಗೆಲ್ಲ ಇನ್ನೊಂದ್ಸಲ, ಇನ್ನೊಂದ್ಸಲ ಅಂದೆ. ಇದ್ದ ಬೆಂಕಿ ಹೇಳಿದ್ರೆ ಯಾರು ನಂಬ್ತಾರೆ.

ಮಾರ್ಚ್ 25

ತಮ್ಮನ ಮನೆಗೆ ಹೋದೆ. ಹಿಂದಿನ ಮೆಟ್ಟಿಲ ಮೇಲೆ ಕೂತು ಸುಟ್ಟ ಪೆಟ್ಟಿಗೆಯ ತಗಡಿನ ಮುಚ್ಚಳ ಉಜ್ಜುತ್ತಿದ್ದ. ಒಳಗೆ ಬಾ ಅನ್ನಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಲೋಟ, ತೂತು, ಬೂದಿ. ಉಜ್ಜೋದು ನಿಲ್ಲಿಸಲಿಲ್ಲ.

ಕೊನೆಗೆ ಕೇಳಿದ, "ಅಕ್ಕ, ನಾನು ಮಾಡಿಲ್ಲ ಅಂತ ನಿನಗೆ ಮೊದಲೇ ಅನ್ಸಿತ್ತಾ, ಇಲ್ಲ ತೂತು ಕಂಡ ಮೇಲಾ?"

ಸುಳ್ಳು ಹೇಳಬಹುದಿತ್ತು. ತೂತು ಕಂಡ ಮೇಲೆ ಅಂದೆ.

ಸರಿ ಅಂದ. ಮುಚ್ಚಳ ತಿರುಗಿಸಿ ಇನ್ನೊಂದು ಪಕ್ಕ ಉಜ್ಜೋಕೆ ಶುರು ಮಾಡಿದ. ನಾನು ಬಂದೆ. ಚಿಕ್ಕವನಿದ್ದಾಗ ಅವನನ್ನ ನೋಡ್ಕೊಳ್ಳೋಕೆ ಅಂತಲೇ ನನ್ನನ್ನ ಏಳನೇ ಕ್ಲಾಸಲ್ಲಿ ಸ್ಕೂಲು ಬಿಡಿಸಿದ್ದು. ಹಾಲು ಕುಡಿಸೋ ಮೊದಲು ಮುಂಗೈ ಮೇಲೆ ಒಂದು ಹನಿ ಹಾಕಿ ಬಿಸಿ ನೋಡ್ತಿದ್ದೆ. ಆಗ ಗೊತ್ತಾಗ್ತಿತ್ತು.

ಮಾರ್ಚ್ 26

ಅರಣ್ಯ ಕಚೇರಿಗೆ ಹೋಗಿ ಬರೆದು ಕೊಟ್ಟೆ. ಎರಡು ಪುಟ, ಕಾಗುಣಿತ ತಪ್ಪು ಎಷ್ಟೋ. ಚೀಟಿ ಇಲ್ಲದ್ದೂ ಬರೆದೆ. ಆಫೀಸರು ರಿಜಿಸ್ಟರ್ ತರಿಸಿ ನನ್ನ ಸಹಿ ಮೇಲೆ ಬೆರಳಿಟ್ಟು ಕೇಳಿದ್ರು, ಅವತ್ತು ತಣ್ಣಗಿದೆ ಅಂತ ಬರೆದವರೂ ನೀವೇ, ಇವತ್ತು ಬಿಸಿಯಿತ್ತು ಅನ್ನೋರೂ ನೀವೇ, ತಮ್ಮನ್ನ ಉಳಿಸೋಕೆ ಹೇಳ್ತಿಲ್ಲ ಅಂತ ಏನು ಗ್ಯಾರಂಟಿ ಅಂತ. ಜಾಗ ನೋಡಿ ಅಂದೆ. ನಾಡಿದ್ದು ಎಂಟಕ್ಕೆ ಬರ್ತಾರಂತೆ.

ಬರೋ ದಾರೀಲಿ ದಳದ ಇಬ್ಬರು ಸಿಕ್ಕರು. ಮುಖ ತಿರುಗಿಸಿದ್ರು. ದಳದವರ ಮನೆಯವರು ಇಸ್ತ್ರಿಗೆ ಕೊಟ್ಟಿದ್ದ ಬಟ್ಟೆ ಹಾಗೇ ವಾಪಸ್ ತಗೊಂಡು ಹೋದ್ರಂತೆ, ಅತ್ತೆ ಹೇಳಿದ್ರು. ಸುಕ್ಕಲ್ಲೇ ತಿರುಗ್ಲಿ ಬಿಡು ಅಂತಲೂ ಅಂದ್ರು.

ತಮ್ಮನಿಗೆ ಹೇಳಿ ಕಳಿಸಿದೆ. ಬರ್ತೀನಿ ಅಂದಿಲ್ಲ, ಬರಲ್ಲ ಅಂತಲೂ ಅಂದಿಲ್ಲ.

ಮಾರ್ಚ್ 28, ಬೆಳಿಗ್ಗೆ 11

ಈಗ ತಾನೇ ಗುಡ್ಡದಿಂದ ಬಂದೆ. ಕೈ ತೊಳೆದಿಲ್ಲ, ಹಾಳೆಗೆ ಮಸಿ ಹತ್ತುತ್ತಿದೆ.

ಆಫೀಸರು ಕೋಲು ಹಾಕಿ ನೋಡಿದ್ರು, ಫೋಟೋ ತಗೊಂಡ್ರು. ಬೇರಿನ ದಾರಿ ನೀವು ಬರೆದ ಹಾಗೇ ಇದೆ ಅಂದ್ರು. ತಮ್ಮನ ಕೇಸು ಬಿಡ್ತಾರಂತೆ. ದಳ ಇವತ್ತಿಂದ ಬಂದ್, ಆ ಕಾಗದವೂ ಅವರ ಜೇಬಲ್ಲೇ ಇತ್ತು. ಕ್ಯಾಪ್ಟನ್ ಬಂದಿರಲಿಲ್ಲ. ತಮ್ಮ ಬಂದಿದ್ದ. ಹತ್ತು ಹೆಜ್ಜೆ ದೂರ ನಿಂತಿದ್ದ, ಕೇಸು ಬಿಟ್ರು ಅಂದಾಗಲೂ ಮುಖ ಹಾಗೇ.

ಹೊರಡೋ ಮೊದಲು ಆಫೀಸರು ಕೇಳಿದ್ರು, ಈಗ ಆರಿದೆ ತಾನೇ ಒಳಗೆ? ಅಭ್ಯಾಸ. ನಾನು ಬಗ್ಗಿದೆ, ಬಲಗೈ ಇಟ್ಟೆ. ತಣ್ಣಗಿತ್ತು. ಬಾಯಿ ತನಕ ಬಂತು ಮಾತು. ನುಂಗಿದೆ. ಎಡಗೈ ಇಟ್ಟೆ. ಅದಕ್ಕೂ ತಣ್ಣಗೇ. ಎರಡರ ಮೇಲೂ ನಂಬಿಕೆ ಇಲ್ಲ. ಮಂಡಿ ಮೇಲೆ ಕೂತಲ್ಲೇ ತಮ್ಮನ ಕಡೆ ತಿರುಗಿ ಹೇಳಿದೆ, ನನ್ನ ಮಾತು ಲೆಕ್ಕಕ್ಕೆ ಇಟ್ಕೋಬೇಡ, ನೀನು ಬಂದು ಕೈ ಇಟ್ಟು ಇನ್ನೊಂದ್ಸಲ ನೋಡು —